ಬರುವಾಗ ಒಂದು ಲೆದರ್‌ಮನ್ ತನ್ನಿ ಎನ್ನುವವರಿಗೆ, ಪೋರ್ಟ್‌ಲ್ಯಾಂಡಿನಿಂದ

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ವಿಮಾನ ನಿಲ್ದಾಣದ ಸಮೀಪದಲ್ಲೇ ಲೆದರ್‌ಮನ್ ಕಾರ್ಖಾನೆ ಇದೆ. ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಟ್ಟ ಜೇಬಿನ ಉಪಕರಣ, ಅಂದರೆ ಮಲ್ಟಿಟೂಲ್, ಮಾಡುವ ಕಂಪನಿ ಇದು. ಅಲ್ಲೇ ಕಂಪನಿಯದೇ ಅಂಗಡಿಯೂ ಇದೆ. ಈ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ, ಪಟ್ಟಿಯಲ್ಲಿದ್ದ ಬೆಲೆಯನ್ನಷ್ಟೇ ಕೊಟ್ಟು ಹೊರಬರಬಹುದು. ಹಾಗಾಗಿ ಹಿಲ್ಸ್‌ಬೊರೊ, ಬೀವರ್ಟನ್ ಕಡೆ ಚಿಪ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಊರಿಗೆ ಹೊರಡುವ ಹೊತ್ತಿಗೆ ಬರುವ ಬೇಡಿಕೆಗಳಲ್ಲಿ ಇದೂ ಒಂದು: ಬರುವಾಗ ಒಂದು ಲೆದರ್‌ಮನ್ ತಗೊಂಡು ಬಾ. ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು. ಈಗ ‘ಯಾವುದು?’ ಎಂದು ಕೇಳಲೇಬೇಕು. ಅದೇ ಅಂಗಡಿಯಲ್ಲಿ ವೇವ್ ಪ್ಲಸ್ ಎಂಬ ಮಾದರಿ 2024ರ ಹೊತ್ತಿಗೆ 120 ಡಾಲರ್ ಆಸುಪಾಸಿನಲ್ಲಿತ್ತು. ಅದೇ ವರ್ಷ ಬಂದ ಆರ್ಕ್ ಎಂಬ ಮಾದರಿಯ ಬಿಡುಗಡೆಯ ಬೆಲೆಯೇ 230 ಡಾಲರ್. ತೂಕ ನೋಡಿದರೆ ವೇವ್ ಪ್ಲಸ್ 241 ಗ್ರಾಂ, ಆರ್ಕ್ 244 ಗ್ರಾಂ. ಹೆಚ್ಚಿನ 110 ಡಾಲರ್ ಯಾವುದಕ್ಕೆ ಎಂಬುದನ್ನು ಬಿಡಿಸಿ ಹೇಳಬೇಕು.

ಮೊದಲು ಹಳೆಯದನ್ನು ಸ್ವಲ್ಪ ನೆನೆಯೋಣ. ಟಿಮ್ ಲೆದರ್‌ಮನ್ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. 1975ರಲ್ಲಿ ಹೆಂಡತಿಯೊಂದಿಗೆ 300 ಡಾಲರಿನ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಕೆಡುತ್ತಿದ್ದ ಕಾರಿಗೂ ಹೋಟೆಲುಗಳ ಸೋರುವ ನಲ್ಲಿಗಳಿಗೂ ಜೇಬಿನ ಸ್ಕೌಟ್ ಚಾಕು ಸಾಲದಾಯಿತು. ಜೊತೆಗೊಂದು ಇಕ್ಕಳ ಇರಬೇಕಿತ್ತು ಅನ್ನಿಸಿತು. ರಟ್ಟಿನಲ್ಲಿ ಕತ್ತರಿಸಿ ಮೊದಲ ಮಾದರಿ ಮಾಡಿಕೊಂಡರು. ಪೇಟೆಂಟ್ ಸಿಕ್ಕಿದ್ದು 1980ರಲ್ಲಿ. ಚಾಕು ಕಂಪನಿಗಳು ಇದು ಚಾಕುವಲ್ಲ ಎಂದವು, ಉಪಕರಣದ ಕಂಪನಿಗಳು ಇದು ಉಪಕರಣವಲ್ಲ ಎಂದವು. ಕೊನೆಗೆ 1983ರಲ್ಲಿ ಗೆಳೆಯ ಸ್ಟೀವ್ ಬರ್ಲಿನರ್ ಜೊತೆ ಸೇರಿ ತಾವೇ ಕಂಪನಿ ಕಟ್ಟಿ, ಅಂಚೆ ಮಾರಾಟದ ಕ್ಯಾಟಲಾಗ್‌ಗಳ ಮೂಲಕ ಮಾರಿದರು. ಮೊದಲ ವರ್ಷ 4,000 ಹೋದರೆ ಸಾಕು ಎಂದುಕೊಂಡಿದ್ದರು. ಹೋಗಿದ್ದು 30,000ದ ಹತ್ತಿರ. ಅದನ್ನು ಕೊಂಡವರು ಅಲಂಕಾರಕ್ಕೆ ಕೊಂಡವರಲ್ಲ.

ಕೆಲಸದ ಉಪಕರಣ ದುಬಾರಿ ಸಂಗ್ರಹದ ವಸ್ತುವೂ ಆದ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ವೇವ್ ಪ್ಲಸ್‌ನ ಮೊದಲ ರೂಪವಾದ 1998ರ ವೇವ್ ಪೂರ್ತಿ ಕೆಲಸದ ಮಾಲು. ಆಮೇಲೆ ಚಾರ್ಜ್ ಸರಣಿಯಲ್ಲಿ ಟೈಟಾನಿಯಂ ಹಿಡಿ ಬಂತು. ಟೈಟಾನಿಯಂ ಎಂದರೆ ಹಗುರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಚಾರ್ಜ್ ಪ್ಲಸ್ ಟಿಟಿಐ 252 ಗ್ರಾಂ ತೂಗುತ್ತದೆ, ವೇವ್ ಪ್ಲಸ್‌ಗಿಂತ 11 ಗ್ರಾಂ ಜಾಸ್ತಿ. ಅದರಲ್ಲಿ ಕೈಗೆ ಸಿಗುವ ನಿಜವಾದ ಲಾಭ ಎಸ್30ವಿ ಎಂಬ, ಹರಿತ ಹೆಚ್ಚು ದಿನ ಉಳಿಯುವ ಉಕ್ಕಿನ ಅಲಗು. ಹಿಡಿಯಲ್ಲಿ ಸಿಗುವುದು ಮೈಗೆ ಒಪ್ಪುವ ಸ್ಪರ್ಶ ಮತ್ತು ತುಕ್ಕು ಹಿಡಿಯದ ಗುಣ.

2015ರ ಟ್ರೆಡ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಂಪನಿಯ ಆಗಿನ ಅಧ್ಯಕ್ಷ ಬೆನ್ ರಿವೇರಾ ಅವರನ್ನು ಡಿಸ್ನಿ ಪಾರ್ಕಿನ ಬಾಗಿಲಲ್ಲಿ ಕಾವಲಿನವರು ಚಾಕು ಇದೆ ಎಂದು ತಡೆದದ್ದೇ ಅದರ ಹುಟ್ಟಿಗೆ ಕಾರಣ. ಚಾಕುವಿಲ್ಲದೆ, ಕೈಗೆ ಕಟ್ಟುವ ಬಳೆಯಂಥ ಪಟ್ಟಿ. 17-4 ಎಂಬ ಬಗೆಯ ಸ್ಟೇನ್‌ಲೆಸ್ ಉಕ್ಕಿನ ಕೊಂಡಿಗಳಲ್ಲಿ ಸ್ಕ್ರೂಡ್ರೈವರ್, ಅಲೆನ್ ಕೀ, ಬಾಕ್ಸ್ ಸ್ಪ್ಯಾನರ್ ಸೇರಿ 29 ಉಪಕರಣಗಳು. ಕೊಂಡಿಗಳನ್ನು ಹಿಡಿದಿರುವುದು ಸೀಳು ತಲೆಯ ತಿರುಪು, ನಾಣ್ಯದಿಂದಲೂ ಬಿಚ್ಚಬಹುದು. ತೊಂದರೆ ಇರುವುದು ಬಲದಲ್ಲಿ. ಸ್ಕ್ರೂಡ್ರೈವರಿಗೆ ಅಂಗೈ ತುಂಬುವ ಹಿಡಿ ಬೇಕು, ಸ್ಪ್ಯಾನರಿಗೆ ಉದ್ದದ ತೋಳು ಬೇಕು. ಕೊಂಡಿಗೆ ಎರಡೂ ಇಲ್ಲ. ಕನ್ನಡಕದ ಸ್ಕ್ರೂ, ಸೈಕಲ್ ಸೀಟಿನ ಅಲೆನ್ ಬೋಲ್ಟ್ ಸಡಿಲಾದರೆ ಬಿಗಿಯಾಗುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟ್ ಜಗ್ಗುವುದಿಲ್ಲ. ಒಡವೆಯಂತೆ ತೊಡುವ ಆಸೆ ಇದ್ದವರು ಹುಡುಕಿ ಕೊಳ್ಳಲಿ, ಕೆಲಸಕ್ಕೆಂದು ಕೊಳ್ಳುವುದು ಬೇಡ.

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಈ ದಾರಿಯಲ್ಲಿ ಮೊದಲೇ ನಡೆದಿತ್ತು. 1989ರಲ್ಲಿ ಗಡಿಯಾರ, 1999ರಲ್ಲಿ ಸೂಟ್‌ಕೇಸ್. 2001ರ ಸೆಪ್ಟೆಂಬರ್ 11ರ ನಂತರ ವಿಮಾನ ನಿಲ್ದಾಣಗಳಲ್ಲಿ ಚಾಕು ಮಾರಾಟ ಕುಸಿದಾಗ ಈ ಸಾಮಾನುಗಳು ಆಸರೆಯಾದವು. ಲೆದರ್‌ಮನ್ ಅಷ್ಟು ದೂರ ಹರಡಿಲ್ಲ. ತನ್ನ ಇಕ್ಕಳವನ್ನೇ ದುಬಾರಿಯಾಗಿಸಿ, ಬಣ್ಣ ಬಳಿದು, ಹೆಸರು ಕೊರೆದು, 2023ರಿಂದ ‘ಗ್ಯಾರೇಜ್’ ಹೆಸರಿನಲ್ಲಿ ಸಣ್ಣ ಸಣ್ಣ ಕಂತುಗಳಲ್ಲಿ ವಿಶೇಷ ಮಾದರಿಗಳನ್ನು ಬಿಟ್ಟು, ಸಂಗ್ರಹಕಾರರನ್ನು ಸೆಳೆಯುತ್ತಿದೆ.

ಈಗ ಆರ್ಕ್‌ಗೆ ಬರೋಣ. ಹೆಚ್ಚಿನ ದುಡ್ಡು ಮುಖ್ಯವಾಗಿ ಅಲಗು, ಅಯಸ್ಕಾಂತದ ಕೀಲು ಮತ್ತು ಕಪ್ಪು ಲೇಪನ, ಈ ಮೂರಕ್ಕೆ ಹೋಗುತ್ತದೆ.

ಅಲಗು ಮ್ಯಾಗ್ನಾಕಟ್ ಎಂಬ ಉಕ್ಕಿನದು. ಇದು ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಮಾರುಕಟ್ಟೆಗೆ ಬಂದ, ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಗಟ್ಟಿ ಮಾಡಿದ ಉಕ್ಕು. ಸಾಮಾನ್ಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂನ ಒಂದು ಪಾಲು ಇಂಗಾಲದ ಜೊತೆ ಸೇರಿ ದಪ್ಪ ಕಣಗಳಾಗುತ್ತದೆ. ಅಷ್ಟು ಕ್ರೋಮಿಯಂ ತುಕ್ಕು ತಡೆಯಲು ಒದಗುವುದಿಲ್ಲ, ದಪ್ಪ ಕಣದಿಂದ ಅಂಚೂ ಚಕ್ಕೆ ಏಳುತ್ತದೆ. ಮ್ಯಾಗ್ನಾಕಟ್‌ನಲ್ಲಿ ಕ್ರೋಮಿಯಂ 10.7 ಶೇಕಡಾ ಮಾತ್ರ. ಆದರೂ ಅದು ಉಕ್ಕಿನಲ್ಲೇ ಕರಗಿರುವುದರಿಂದ ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ. ಹರಿತ ಹಿಡಿದಿಡುವ ಕೆಲಸಕ್ಕೆ ವೆನೇಡಿಯಂ, ನಿಯೋಬಿಯಂಗಳ ಸಣ್ಣ ಗಟ್ಟಿ ಕಣಗಳಿವೆ. ಕರಾವಳಿಯವರಿಗೆ ಇದು ಹೇಳಿ ಮಾಡಿಸಿದ ಉಕ್ಕು. ಆದರೆ ಆರ್ಕ್‌ನಲ್ಲಿ ಮುಖ್ಯ ಅಲಗು ಮಾತ್ರ ಮ್ಯಾಗ್ನಾಕಟ್. ಉಳಿದ ಭಾಗಗಳಿಗೆ ಉಪ್ಪುಗಾಳಿಯ ಭಯ ವೇವ್‌ನಷ್ಟೇ ಇದೆ.

ಊರಲ್ಲಿ ಕೆಡುವುದು ಇಲ್ಲೇ, ಸಾಣೆಯಲ್ಲಿ. ಬೀದಿಯಲ್ಲಿ ಬರುವ ಸಾಣೆ ಹಿಡಿಯುವವರಿಗೆ ಈ ಅಲಗು ಕೊಡಬೇಡಿ. ಅವರ ಚಕ್ರ ಒಣಗಿಯೇ ತಿರುಗುತ್ತದೆ, ಕಿಡಿ ಹಾರುತ್ತದೆ. ಕಾಗದದಷ್ಟು ತೆಳುವಾದ ಅಂಚು ಕ್ಷಣದಲ್ಲಿ ಇನ್ನೂರು ಡಿಗ್ರಿ ದಾಟುತ್ತದೆ, ಉಕ್ಕಿನ ಹದ ಹೋಗುತ್ತದೆ. ಅಂಚಿನಲ್ಲಿ ಹಳದಿಯೋ ನೀಲಿಯೋ ಬಣ್ಣ ಕಂಡರೆ ಅಷ್ಟು ಭಾಗ ಮೆತ್ತಗಾಗಿದೆ ಎಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡಾಗುತ್ತದೆ. ಮನೆಯ ಮಾಮೂಲಿ ಮಸೆಗಲ್ಲೂ ಇದಕ್ಕೆ ಸಾಲದು, ವೆನೇಡಿಯಂ ಕಣ ಆ ಕಲ್ಲಿಗಿಂತ ಗಟ್ಟಿ. ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟ್ ಬೇಕು, ಒಂದು ಬದಿ 600, ಇನ್ನೊಂದು ಬದಿ 1,200 ಗ್ರಿಟ್ ಇದ್ದರೆ ಸಾಕು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಮೈ ನಯ). ಪ್ಲೇಟಿಗೆ ಒಂದೆರಡು ಹನಿ ನೀರು ಹಾಕಿ, ಅಲಗನ್ನು ಸುಮಾರು 20 ಡಿಗ್ರಿ ಓರೆ ಹಿಡಿದು, ತೆಳುವಾಗಿ ಪದರ ಕೊಯ್ಯುವಂತೆ ಅಂಚನ್ನು ಮುಂದೆ ಮಾಡಿ ತಳ್ಳಬೇಕು. ಒತ್ತಬಾರದು, ಒತ್ತಿದರೆ ಪ್ಲೇಟಿನ ವಜ್ರದ ಪುಡಿಯೇ ಕಿತ್ತು ಬರುತ್ತದೆ. ಒಂದು ಬದಿ ಮಸೆಯುತ್ತ ಹೋದಂತೆ ಎದುರು ಬದಿಯಲ್ಲಿ ಬೆರಳಿಗೆ ತರಿತರಿ ತಾಗುವ ಸಣ್ಣ ಗರಿ ಏಳುತ್ತದೆ. ಬುಡದಿಂದ ತುದಿಯವರೆಗೆ ಅದು ಎದ್ದ ಮೇಲೆಯೇ ಬದಿ ಬದಲಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಗರಿ ಏಳುವ ಮೊದಲೇ ಬದಿ ಬದಲಿಸುತ್ತಾರೆ, ಅಲಗು ಹೊಳೆಯುತ್ತದೆ, ಟೊಮೆಟೊ ಮಾತ್ರ ಜಾರುತ್ತದೆ. ಕೊನೆಗೆ 1,200ರ ಮೇಲೆ ಎರಡೂ ಬದಿ ಒಂದೊಂದು ಸಲ ಹಗುರವಾಗಿ ಎಳೆದು, ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹಿಮ್ಮುಖವಾಗಿ, ಅಂಚು ಹಿಂದೆ ಬರುವಂತೆ, ಹತ್ತು ಸಲ ಉಜ್ಜಿದರೆ ಗರಿ ಹೋಗುತ್ತದೆ. ಮಸೆದಲ್ಲಿ ಕಪ್ಪು ಲೇಪನ ಹೋಗಿ ಬೆಳ್ಳಿಗೆರೆ ಕಾಣುತ್ತದೆ. ಅದು ಕೆಟ್ಟದ್ದಲ್ಲ, ಆ ಲೇಪನ ಕೆಲವೇ ಮೈಕ್ರಾನ್ ದಪ್ಪದ್ದು.

ಅಯಸ್ಕಾಂತದ ಕೀಲು 2019ರ ಫ್ರೀ ಸರಣಿಯಿಂದ ಬಂದದ್ದು. ಹಳೆಯ ಮಾದರಿಗಳ ಒಳಗಿನ ಉಪಕರಣ ಎತ್ತಲು ಉಗುರು ಬೇಕಿತ್ತು, ಇದರಲ್ಲಿ ಹೆಬ್ಬೆರಳಿನಿಂದ ಉಜ್ಜಿದರೆ ಸಾಕು. ಏಣಿಯ ಮೇಲೆ ಒಂದು ಕೈಯಲ್ಲಿ ಜಂತಿ ಹಿಡಿದು ನಿಂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಲೇತ್, ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪುಡಿ ಬಂದು ಅಯಸ್ಕಾಂತಕ್ಕೆ ಮೆತ್ತಿಕೊಳ್ಳುತ್ತದೆ. ಊದಿದರೆ ಹೋಗುವುದಿಲ್ಲ, ಅಂಟುಟೇಪನ್ನೋ ಚಪಾತಿ ಹಿಟ್ಟಿನಷ್ಟು ಮೆತ್ತಗಿನ ಮೇಣವನ್ನೋ ಒತ್ತಿ ಕಿತ್ತು ತೆಗೆಯಬೇಕು. ಬಿಟ್ಟರೆ ಹಿಡಿ ಪೂರ್ತಿ ಮುಚ್ಚುವುದಿಲ್ಲ. ಒಂದು ಉಪಕರಣ ಎತ್ತಿದಾಗ ಪಕ್ಕದ್ದೂ ಏಳುವುದು ಈ ವಿನ್ಯಾಸದ ಇನ್ನೊಂದು ಕಿರಿಕಿರಿ. ಕೀಲಿನಲ್ಲಿ ಕಸ ಸೇರಿದಷ್ಟೂ ಅದು ಹೆಚ್ಚುತ್ತದೆ.

ತೊಳೆಯುವುದಕ್ಕೆ ಬಿಸಿನೀರು, ಪಾತ್ರೆಯ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪೂರ್ತಿ ಒಣಗಿದ ಮೇಲೆ ಪ್ರತಿ ಕೀಲಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ: 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಅಲಗಿಗೆ ಹಲಸಿನ ಮೇಣ ಮೆತ್ತಿದಾಗ ಮಾತ್ರ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಕೆಲವು ಸಂಗತಿ ವೇವ್ ಪ್ಲಸ್, ಆರ್ಕ್ ಎರಡಕ್ಕೂ ಒಂದೇ. ಹಿಡಿಗಳಿಗೆ ವಿದ್ಯುತ್ ನಿರೋಧಕ ಕವಚ ಇಲ್ಲ. ಊರಿನಲ್ಲಿರುವುದು 230 ವೋಲ್ಟ್, ಮೇನ್ ಸ್ವಿಚ್ ತೆಗೆಯದೆ ತಂತಿ ಮುಟ್ಟಬಾರದು. ಸ್ಕ್ರೂಡ್ರೈವರ್ ಬಿಟ್‌ಗಳು ಚಪ್ಪಟೆ ಆಕಾರದ ಕಂಪನಿಯದೇ ಮಾಲು. ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಷಡ್ಭುಜ ಬಿಟ್ ಅದಕ್ಕೆ ಕೂರುವುದಿಲ್ಲ. ಬಿಟ್ ಕಳೆದರೆ ಊರಲ್ಲಿ ಹುಡುಕಾಟವೇ. ಹಾಗಾಗಿ ಕೊಳ್ಳುವಾಗಲೇ 21 ಎರಡು ಮುಖದ ಬಿಟ್‌ಗಳ ಕಿಟ್ಟನ್ನೂ, ಮಾಮೂಲಿ ಕಾಲಿಂಚಿನ ಬಿಟ್ ಕೂರುವ ಎಕ್ಸ್‌ಟೆಂಡರನ್ನೂ ತಂದುಬಿಡುವುದು ಒಳ್ಳೆಯದು. ಮೃದುವಾದ ಕಟ್ಟುತಂತಿ, ತಾಮ್ರದ ತಂತಿಗೆ ಕಟರ್ ಸರಿ. ಸ್ಪ್ರಿಂಗ್ ತಂತಿಯನ್ನು ಅದರಲ್ಲಿ ಒತ್ತಿದರೆ ಬಾಯಿ ಚಕ್ಕೆ ಏಳಬಹುದು. ವೇವ್ ಪ್ಲಸ್‌ನಲ್ಲೂ ಆರ್ಕ್‌ನಲ್ಲೂ ಆ ಕಟರ್ ಬದಲಿಸಬಹುದು. ತೋಟದವರಿಗೆ ಇನ್ನೊಂದು ಮಾತು: ವೇವ್ ಪ್ಲಸ್‌ನಲ್ಲಿ ನೇರ ಅಲಗಿನ ಜೊತೆ ಹಲ್ಲಿನ ಅಲಗೂ ಇದೆ, ನೈಲಾನ್ ಹಗ್ಗ, ಡ್ರಿಪ್ ಪೈಪು ಕೊಯ್ಯಲು ಅದೇ ಚೆನ್ನ. ದುಬಾರಿ ಆರ್ಕ್‌ನಲ್ಲಿ ಅದಿಲ್ಲ.

ಇನ್ನು ವಾರಂಟಿ. ಲೆದರ್‌ಮನ್ ಇಕ್ಕಳಗಳಿಗೆ 25 ವರ್ಷದ ವಾರಂಟಿ ಇದೆ. ಕೀಲು ಸಡಿಲಾದರೆ, ಸ್ಪ್ರಿಂಗ್ ಮುರಿದರೆ ರಿಪೇರಿ ಮಾಡುತ್ತಾರೆ. ಆಗದಿದ್ದರೆ ಅದೇ ಬೆಲೆಯದೋ ಮೇಲಿನದೋ ಬೇರೆ ಕೊಡುತ್ತಾರೆ. ಆದರೆ ವಾರಂಟಿಯ ಷರತ್ತು ಓದಿ ನೋಡಿ: ಚೀಲ, ಬಿಡಿ ಸಾಮಾನು, ಮೇಲೆ ಕೊರೆದ ಅಕ್ಷರ, ಬಣ್ಣದ ಲೇಪನ ಇದರಲ್ಲಿ ಸೇರಿಲ್ಲ. ಉಕ್ಕಿಗೆ, ಕೀಲಿಗೆ ಕೊಟ್ಟ ದುಡ್ಡಿಗೆ 25 ವರ್ಷದ ಮಾತಿದೆ. ಬಣ್ಣಕ್ಕೆ, ಹೆಸರು ಕೊರೆಸಿದ್ದಕ್ಕೆ ಕೊಟ್ಟ ದುಡ್ಡಿಗೆ ಮಾತಿಲ್ಲ. ಅಪ್ಪನ ಹೆಸರು ಕೊರೆಸಿದ ಉಪಕರಣ ರಿಪೇರಿ ಆಗದೆ ಬದಲಾಗಿ ಬಂದರೆ ಹೆಸರಿಲ್ಲದ್ದು ಬರಬಹುದು. ನೆನಪಿಗಾಗಿ ಇಟ್ಟುಕೊಳ್ಳುವುದಕ್ಕೆ ಹೆಸರು ಕೊರೆಸಿ, ದಿನಬಳಕೆಯದಕ್ಕೆ ಬೇಡ. ಸಂಗ್ರಹಕ್ಕೆಂದು ಬಂದ ವಿಶೇಷ ಮಾದರಿಗಳಿಗೂ ಇದೇ ಲೆಕ್ಕ.

ನಮ್ಮ ಸಲಹೆ ಕೇಳಿದರೆ: ಮನೆ, ತೋಟ, ಬೈಕು ರಿಪೇರಿಗೆ ವೇವ್ ಪ್ಲಸ್ ಸಾಕು, ಉಳಿದ ದುಡ್ಡಿನಲ್ಲಿ ಬಿಟ್ ಕಿಟ್ಟೂ ಡೈಮಂಡ್ ಪ್ಲೇಟೂ ಬರುತ್ತದೆ. ಉಪ್ಪುನೀರಿನ ಹತ್ತಿರ ದಿನವೂ ಚಾಕು ಬಳಸುವವರು, ಒಂದೇ ಕೈಯಲ್ಲಿ ತೆರೆಯಲೇಬೇಕಾದವರು ಆರ್ಕ್ ಕೊಂಡರೆ ದುಡ್ಡು ದಂಡವಲ್ಲ.

ತರುವುದು ಹೇಗೆ? ಅಂಗಡಿ ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ಹೊರಡುವ ದಿನವೇ ಕೊಂಡು ಕೈಚೀಲದಲ್ಲಿ ಹಾಕಿಕೊಂಡರೆ ತಪಾಸಣೆಯಲ್ಲಿ ಬಿಟ್ಟು ಬರಬೇಕಾಗುತ್ತದೆ. ಅಮೆರಿಕದ ನಿಯಮದಲ್ಲಿ ಅಲಗು ಎಷ್ಟೇ ಚಿಕ್ಕದಿದ್ದರೂ ಅಲಗಿರುವ ಮಲ್ಟಿಟೂಲ್ ಕ್ಯಾಬಿನ್ನಿಗೆ ಹೋಗುವಂತಿಲ್ಲ. ಅಲಗಿಲ್ಲದ, 7 ಇಂಚಿಗಿಂತ ಚಿಕ್ಕ ಉಪಕರಣಕ್ಕೆ ಇಲ್ಲಿ ಅನುಮತಿ ಇದ್ದರೂ ನಡುದಾರಿಯ ನಿಲ್ದಾಣದಲ್ಲಿ, ಬೆಂಗಳೂರಿನಿಂದ ಮುಂದಿನ ವಿಮಾನದಲ್ಲಿ ಅದೇ ಅನುಮತಿ ಸಿಗುತ್ತದೆಂದು ನಂಬಬೇಡಿ. ಮುಚ್ಚಿ, ಚೀಲದಲ್ಲಿಟ್ಟು, ಒಂದು ದಪ್ಪ ಕಾಲುಚೀಲದೊಳಗೆ ತೂರಿಸಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ಬಿಲ್ ಕೈಚೀಲದಲ್ಲಿರಲಿ, ಕಸ್ಟಮ್ಸ್‌ನವರು ಬೆಲೆ ಕೇಳಿದರೆ ತೋರಿಸಬಹುದು. ಮುಂದೆ ರಿಪೇರಿಗೆ ಬಂದಾಗ ಕಂಪನಿಯನ್ನು ಕೇಳಿ ಭಾರತದ ವಿತರಕರ ಮೂಲಕ ಹೋಗಬಹುದು, ಇಲ್ಲವೇ ಅಮೆರಿಕಕ್ಕೆ ಬರುವವರ ಸೂಟ್‌ಕೇಸಿನಲ್ಲಿ ಕೊಟ್ಟು ಕಳಿಸಬಹುದು. ಚೀಲ, ಬಿಟ್ ಕಿಟ್ಟು ಮನೆಯಲ್ಲೇ ಇಟ್ಟು ಉಪಕರಣ ಮಾತ್ರ ಕಳಿಸಿ.