ಪೋರ್ಟ್ಸ್‌ಮತ್ ದಡದ ಕೇಪ್ ರೇ

ಮಗನ ಒತ್ತಾಯಕ್ಕೆ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಬಂದರು ವಿಹಾರದ ದೋಣಿ ಹತ್ತಿದೆವು. ಎಲ್ಲರೂ ಹೋಗುವುದು ವಿಮಾನವಾಹಕ ಯುದ್ಧನೌಕೆಗಳನ್ನು ನೋಡಲು. ಅವು ಭಾರಿಯಾಗಿಯೇ ಇವೆ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಎಲಿಜಬೆತ್ ನದಿಯ ಪೋರ್ಟ್ಸ್‌ಮತ್ ದಡದಲ್ಲಿ ಕಟ್ಟಿ ನಿಲ್ಲಿಸಿದ್ದ ಕೇಪ್ ರೇ ಎಂಬ ಸರಕು ಹಡಗು. ಅದರ ಮೇಲೆ ಫಿರಂಗಿಯಿಲ್ಲ, ವಿಮಾನವಿಲ್ಲ. ನೀರಿನಿಂದ ನೆಟ್ಟಗೆ ಎದ್ದ ಬೂದು ಬಣ್ಣದ ಮೈ, ಹೊಗೆಕೊಳವೆಯ ಮೇಲೆ ಕೆಂಪು, ಬಿಳಿ, ನೀಲಿ ಪಟ್ಟೆಗಳು, ಹಿಂಬದಿಯಲ್ಲಿ ಮೇಲಕ್ಕೆತ್ತಿ ಮಡಚಿಟ್ಟ ರ‍್ಯಾಂಪ್, ಇಷ್ಟೇ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಹಡಗಿನ ಎಂಜಿನ್ ಕೋಣೆಗಳಲ್ಲಿ ದುಡಿದು ನಿವೃತ್ತರಾದವರು. "ಇದು ನೌಕಾಪಡೆಯದೇ?" ಎಂದು ಕೇಳಿದೆ. "ಅಲ್ಲ, ಸಾರಿಗೆ ಇಲಾಖೆಯದು. ಸೇನೆ ಕರೆದಾಗ ಹೊರಡುತ್ತದೆ" ಎಂದರು. 1977ರಲ್ಲಿ ಜಪಾನಿನ ಕವಾಸಾಕಿ ಕಂಪನಿ ಕಟ್ಟಿದ ಈ ವಾಣಿಜ್ಯ ಹಡಗು ಒಂದು ಕಾಲದಲ್ಲಿ 'ಸೌದಿ ಮಕ್ಕಾ' ಎಂಬ ಹೆಸರಿನಲ್ಲಿ ಓಡಾಡುತ್ತಿತ್ತು. 1994ರಲ್ಲಿ ಅಮೆರಿಕ ಸರ್ಕಾರ ಇದನ್ನು ಕೊಂಡು ಮೀಸಲು ಹಡಗುಗಳ ಸಾಲಿಗೆ ಸೇರಿಸಿತು. ದಡದಲ್ಲಿರುವಾಗಲೂ ಕೆಲವು ಸಿಬ್ಬಂದಿ ಹಡಗಿನಲ್ಲೇ ಇದ್ದು ಯಂತ್ರಗಳನ್ನು ಸುಸ್ಥಿತಿಯಲ್ಲಿಡುತ್ತಾರೆ. ಆದೇಶ ಬಂದರೆ 5 ದಿನಗಳೊಳಗೆ ಪೂರ್ಣ ಸಿಬ್ಬಂದಿಯೊಡನೆ ಹೊರಡಲು ಸಿದ್ಧವಾಗಬೇಕು.

ಆಮೇಲೆ ಅವರು 2014ರ ಮಾತೆತ್ತಿದರು. ಹಿಂದಿನ ವರ್ಷ ಸಿರಿಯಾದ ಘೌಟಾದಲ್ಲಿ ಸರಿನ್ ಅನಿಲಕ್ಕೆ ಮಕ್ಕಳು, ಹೆಂಗಸರೆನ್ನದೆ ನೂರಾರು ಜನ ಸತ್ತ ಬಳಿಕ ಆ ದೇಶ ತನ್ನ ರಾಸಾಯನಿಕ ಅಸ್ತ್ರಗಳನ್ನು ಒಪ್ಪಿಸಲು ಸಮ್ಮತಿಸಿತ್ತು. ಆದರೆ ಅತ್ಯಂತ ಅಪಾಯಕಾರಿ ದ್ರವ್ಯಗಳನ್ನು ತಮ್ಮ ನೆಲದಲ್ಲಿ ನಾಶಪಡಿಸಲು ಯಾವ ದೇಶವೂ ಮುಂದೆ ಬರಲಿಲ್ಲ. ಆಗ ನೆನಪಾದದ್ದು ಈ ಹಡಗು. ಲಾರಿಗಳನ್ನು ನೇರವಾಗಿ ಒಳಗೆ ಓಡಿಸಿ ನಿಲ್ಲಿಸಲೆಂದು ಕಟ್ಟಿದ ವಿಶಾಲ ಅಂತಸ್ತುಗಳಲ್ಲಿ, ವಿಷವನ್ನು ನೀರು ಮತ್ತು ಇತರ ರಾಸಾಯನಿಕಗಳೊಡನೆ ಬೆರೆಸಿ ಒಡೆಯುವ ಎರಡು ಜಲವಿಭಜನ ಘಟಕಗಳನ್ನು ಕೂರಿಸಿದರು. ಜುಲೈನಲ್ಲಿ ಇಟಲಿಯ ಜೋಯಾ ತೌರೊ ಬಂದರಿನಲ್ಲಿ ಡೆನ್ಮಾರ್ಕಿನ ಹಡಗೊಂದರಿಂದ ಸುಮಾರು 600 ಟನ್ ವಿಷ ಇದಕ್ಕೆ ವರ್ಗವಾಯಿತು. ಮೆಡಿಟರೇನಿಯನ್ ಸಮುದ್ರದ ನಡುವೆ ಸರಿನ್ ತಯಾರಿಕೆಯ ದ್ರವ್ಯವನ್ನೂ ಚರ್ಮವನ್ನು ಸುಡುವ ಮಸ್ಟರ್ಡ್ ವಿಷವನ್ನೂ ನಿಷ್ಕ್ರಿಯಗೊಳಿಸುವ ಕೆಲಸ ಆಗಸ್ಟ್‌ನಲ್ಲಿ ಮುಗಿಯಿತು. ಉಳಿದ ತ್ಯಾಜ್ಯವನ್ನು ಸಮುದ್ರಕ್ಕೆ ಬಿಡದೆ ಫಿನ್‌ಲ್ಯಾಂಡ್ ಮತ್ತು ಜರ್ಮನಿಗೆ ಒಯ್ದು ಇಳಿಸಿದರು.

"ಭಯವಾಗುವುದಿಲ್ಲವೇ, ಅಂಥ ಸರಕಿನ ಮೇಲೆ ಮಲಗಲು?" ಎಂದೆ. "ಹಡಗು ನಡೆಸಿದವರು ನಾಗರಿಕ ನಾವಿಕರು. ಭಯವಿದ್ದರೂ ಪಾಳಿ ತಪ್ಪಿಸುವಂತಿಲ್ಲವಲ್ಲ" ಎಂದರು.

ಹೋಗುವವರಿಗೆ ಒಂದು ಮಾತು: ಬೆಳಗಿನ ಸುತ್ತಿಗೇ ಟಿಕೆಟ್ ಕೊಳ್ಳಿ, ಮೇಲಂತಸ್ತಿನಲ್ಲಿ ಕುಳಿತುಕೊಳ್ಳಿ. ನಮ್ಮ ದೋಣಿ ಕಾರಣವನ್ನೂ ತಿಳಿಸದೆ ಬಹಳ ತಡವಾಗಿ ಹೊರಟಿದ್ದರಿಂದ ಬೆಳಕು ಕುಂದಿ, ಆ ರ‍್ಯಾಂಪಿನ ಒಂದು ಚಿತ್ರವೂ ಸ್ಪಷ್ಟವಾಗಿ ಬರಲಿಲ್ಲ. ಅದರ ಬೇಸರ ಇನ್ನೂ ಹೋಗಿಲ್ಲ. ವಿಮಾನವಾಹಕಗಳ ಉದ್ದಗಲ, ತೂಕಗಳನ್ನೆಲ್ಲ ಧ್ವನಿವರ್ಧಕದಲ್ಲಿ ವಿವರಿಸಿದವರು ಕೇಪ್ ರೇಯನ್ನು ಹೆಸರಿಸದೆಯೇ ದಾಟಿದರು. ಅದಕ್ಕೆ ಎರಡು ನಿಮಿಷವನ್ನಾದರೂ ಕೊಡಬೇಕಿತ್ತು.