ಘಮವಿರುವ ಆಟದ ಹಿಟ್ಟು: ಇದುವರೆಗಿನ ಕೆಲಸದ ಟಿಪ್ಪಣಿ

ಮೂಸಿ, ಮುಟ್ಟಿ, ಹಿಸುಕಿ ಆಡುವ ಚಿಕ್ಕ ಮಕ್ಕಳ ಸಂವೇದನಾ ಆಟಕ್ಕಾಗಿ ಘಮವಿರುವ ಹಿಟ್ಟನ್ನು ಮನೆಯಲ್ಲಿಯೇ ತಯಾರಿಸುವ ಈ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ತಳಹದಿಯ ಹಿಟ್ಟಿನ ಅಳತೆ ಸ್ಥಿರವಾಗಿದೆ, ಕೆಲವು ಪರಿಮಳಗಳ ಗುಣಾವಗುಣಗಳು ಕೈಗೆ ತಿಳಿದಿವೆ, ಗೋಧಿಯಿಲ್ಲದ ಹಿಟ್ಟಿನ ಕೆಲಸ ಮಾತ್ರ ಇನ್ನೂ ನಡೆದಿದೆ. ಪರಿಮಳವನ್ನು ಕಟ್ಟಕಡೆಗೆ ಚಿಮುಕಿಸುವ ಅಲಂಕಾರವೆಂದು ಭಾವಿಸಿದರೆ ಹಿಟ್ಟು ಎಂದೂ ಚೆನ್ನಾಗಿ ಬರುವುದಿಲ್ಲ ಎಂಬುದು ಇಷ್ಟು ಕೆಲಸದಿಂದ ನನಗೆ ಖಚಿತವಾದ ಸಂಗತಿ. ಘಮ ಕೊಡುವ ಪ್ರತಿಯೊಂದು ವಸ್ತುವೂ ತನ್ನ ಜೊತೆಗೆ ನೀರನ್ನೋ, ಜಿಡ್ಡನ್ನೋ, ನಾರನ್ನೋ, ಹುಳಿಯನ್ನೋ ತರುತ್ತದೆ. ಆದ್ದರಿಂದ ಯಾವ ಘಮ ಬೇಕೆಂದು ಮೊದಲು ನಿರ್ಧರಿಸಿಕೊಂಡು, ಅದಕ್ಕೆ ತಕ್ಕಂತೆ ಹಿಟ್ಟನ್ನು ಬೇಯಿಸಬೇಕಾಗುತ್ತದೆ.

ತಳಹದಿಯ ಹಿಟ್ಟು

240 ಮಿಲಿಲೀಟರಿನ ಕಪ್ಪಿನ ಲೆಕ್ಕದಲ್ಲಿ 2 ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, 4 ಟೀ ಚಮಚ ಕ್ರೀಮ್ ಆಫ್ ಟಾರ್ಟರ್ (ಹುಳಿ ಗುಣದ ಬಿಳಿ ಪುಡಿ), 2 ದೊಡ್ಡ ಚಮಚ ವಾಸನೆಯಿಲ್ಲದ ಅಡುಗೆ ಎಣ್ಣೆ ಮತ್ತು 2 ಕಪ್ ನೀರು ಬೇಕು. ಇದಕ್ಕಿಂತ ಹೆಚ್ಚು ಉಪ್ಪು ಹಾಕುವ ವಿಧಾನಗಳೂ ಬಳಕೆಯಲ್ಲಿವೆ, ಆದರೆ ಅರ್ಧ ಕಪ್ಪಿಗೆ ನಿಲ್ಲಿಸಲು ನನಗೆ ಸ್ಪಷ್ಟವಾದ ಕಾರಣವಿದೆ. ಸಾಮಾನ್ಯ ಉಷ್ಣಾಂಶದಲ್ಲಿ 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ನೀರು ಕುದಿಯುವಾಗಲೂ ಈ ಪ್ರಮಾಣ 39 ಗ್ರಾಮಿನ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ 2 ಕಪ್ ನೀರಿನಲ್ಲಿ 170 ಗ್ರಾಂಗಿಂತ ಹೆಚ್ಚಿನ ಉಪ್ಪು ಹೇಗೂ ಕರಗದೆ ಉಳಿದು, ಕೈಗೆ ಮರಳಿನಂತೆ ತಗುಲುತ್ತದೆ, ಹಿಟ್ಟು ಒಣಗುತ್ತಿದ್ದಂತೆ ಮೇಲ್ಮೈಯಲ್ಲಿ ಬಿಳಿಯ ಹರಳಾಗಿಯೂ ಕಾಣಿಸಿಕೊಳ್ಳುತ್ತದೆ. ಅರ್ಧ ಕಪ್ ಎಂದರೆ ಸುಮಾರು 145 ಗ್ರಾಂ. ಅದು ಪೂರ್ತಿಯಾಗಿ ಕರಗುತ್ತದೆ, ಬೂಷ್ಟನ್ನು ದೂರವಿಡುವ ಕೆಲಸವನ್ನೂ ಮಾಡುತ್ತದೆ.

ಬೇಯಿಸದೆಯೇ ಬಿಸಿನೀರು ಹಾಕಿ ನಾದುವ ವಿಧಾನವನ್ನು ನಾನು ಆರಿಸಿಕೊಳ್ಳಲಿಲ್ಲ. ಹಸಿ ಹಿಟ್ಟು ನೋಡಲು ಎಷ್ಟೇ ಶುಭ್ರವಾಗಿದ್ದರೂ ಅದು ಬೇಯದ ಧಾನ್ಯದ ಪುಡಿ, ಅದರಲ್ಲಿ ಇ. ಕೋಲಿ ಮತ್ತು ಸಾಲ್ಮೊನೆಲ್ಲಾದಂತಹ ರೋಗಕಾರಕ ಬ್ಯಾಕ್ಟೀರಿಯಾಗಳು ಇರಬಹುದು, ಮತ್ತು ಆಟದ ಹಿಟ್ಟನ್ನು ಒಮ್ಮೆಯಾದರೂ ಬಾಯಿಗೆ ಹಾಕಿ ನೋಡದ ಚಿಕ್ಕ ಮಗುವನ್ನು ನಾನು ಕಂಡಿಲ್ಲ. ಎಲ್ಲವನ್ನೂ ದಪ್ಪ ತಳದ ಪಾತ್ರೆಯಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿಟ್ಟು, ತಳ ಹಿಡಿಯದಂತೆ ಮರದ ಸೌಟಿನಿಂದ ತಿರುವುತ್ತಾ ಹೋಗಬೇಕು. ಗೋಧಿಯ ಪಿಷ್ಟವು ಬರಿಯ ನೀರಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಉಬ್ಬತೊಡಗುತ್ತದೆ, ಇಷ್ಟು ಉಪ್ಪಿರುವಾಗ ಅದಕ್ಕಿಂತ ಹೆಚ್ಚಿನ ಶಾಖ ಬೇಕಾಗುತ್ತದೆ. ಮೊದಲು ತೆಳ್ಳಗಿದ್ದ ಮಿಶ್ರಣ ಅಂಚಿನಿಂದ ಗಟ್ಟಿಯಾಗಿ, ಮಧ್ಯದಲ್ಲಿ ಮುದ್ದೆಗಟ್ಟಿ, ಕೊನೆಗೆ ಪಾತ್ರೆಯ ಬದಿಯನ್ನು ಬಿಟ್ಟು ಸೌಟಿನ ಸುತ್ತ ಒಂದೇ ಉಂಡೆಯಾಗಿ ಸೇರಿಕೊಳ್ಳುತ್ತದೆ. ಆ ಹೊತ್ತಿಗೆ ಇಳಿಸಿಬಿಡುವ ಆತುರ ಸಹಜ, ಆದರೆ ಮೇಲ್ಮೈಯ ಹೊಳಪು ಕುಂದಿ, ಚಿವುಟಿದರೆ ಬೆರಳಿಗೆ ಅಂಟದ ಹದ ಬರುವವರೆಗೆ ಇನ್ನಷ್ಟು ಹೊತ್ತು ತಿರುವಿದರೆ ಒಳಗಿನವರೆಗೂ ಬೇಯುತ್ತದೆ. ಆರಿದ ಮೇಲೆ ನಾದಿದ ಹಿಟ್ಟು ಕಿವಿಯ ಹಾಲೆಯನ್ನು ಒತ್ತಿದಷ್ಟು ಮೃದುವಾಗಿರಬೇಕು.

ಪರಿಮಳ ಸೇರುವ ಹೊತ್ತು

ಘಮವೆಂದರೆ ಗಾಳಿಗೆ ಹಾರುವ ಗುಣವುಳ್ಳ ಅಣುಗಳು. ಅವುಗಳನ್ನು ಒಲೆಯ ಮೇಲಿನ ಪಾತ್ರೆಗೆ ಹಾಕಿದರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆ, ಹಿಟ್ಟಿನಲ್ಲಿ ಮಾತ್ರ ಏನೂ ಉಳಿಯುವುದಿಲ್ಲ. ಆದ್ದರಿಂದ ಉಂಡೆ ಉಗುರು ಬೆಚ್ಚಗಾಗುವವರೆಗೆ ಕಾದು, ನಾದುವಾಗ ಪರಿಮಳವನ್ನು ಸೇರಿಸುತ್ತೇನೆ. ಇಲ್ಲಿಂದಲೇ ಅಳತೆಯ ಲೆಕ್ಕ ಶುರುವಾಗುತ್ತದೆ. ಗುಲಾಬಿ ನೀರಿನ ಹಿಟ್ಟಿಗೆ 2 ದೊಡ್ಡ ಚಮಚದಷ್ಟು ದ್ರವ ಕೊನೆಯಲ್ಲಿ ಸೇರುವುದರಿಂದ, ಬೇಯಿಸುವ ನೀರಿನಲ್ಲಿ ಅಷ್ಟನ್ನು ಮೊದಲೇ ಕಡಿಮೆ ಮಾಡಿ, ಉಂಡೆಯನ್ನು ಸ್ವಲ್ಪ ಬಿಗಿಯಾಗಿಯೇ ಇಳಿಸಬೇಕು. ವೆನಿಲ್ಲಾ ಸಾರ ಬೇಕಾಗುವುದು ಒಂದೆರಡು ಟೀ ಚಮಚ ಮಾತ್ರವಾದ್ದರಿಂದ ಹದ ಕೆಡುವುದಿಲ್ಲ. ಅದರಲ್ಲಿರುವ ಆಲ್ಕೋಹಾಲಿನ ಚುರುಕು ವಾಸನೆ ಹೋಗಲು ಹಿಟ್ಟನ್ನು ಹರವಿ ಕೆಲಹೊತ್ತು ಗಾಳಿಗಿಟ್ಟರೆ ಸಾಕು. ವೆನಿಲ್ಲಾದ ಮುಖ್ಯ ಪರಿಮಳವಾದ ವೆನಿಲಿನ್ ಸಾಮಾನ್ಯ ಉಷ್ಣಾಂಶದಲ್ಲಿ ಘನವಸ್ತು, ನಿಧಾನವಾಗಿ ಮಾತ್ರ ಆವಿಯಾಗುವಂಥದ್ದು. ನಾನು ಮಾಡಿದ ಹಿಟ್ಟುಗಳಲ್ಲೆಲ್ಲ ಅತ್ಯಂತ ದೀರ್ಘಕಾಲ ಘಮ ಉಳಿಸಿಕೊಂಡದ್ದು ಇದೇ.

ನಿಂಬೆಯದು ಇದಕ್ಕೆ ತದ್ವಿರುದ್ಧವಾದ ಸ್ವಭಾವ. ಸಿಪ್ಪೆಯ ಹಳದಿ ಪದರದಲ್ಲಿರುವ ಲಿಮೊನೀನ್ ಎಂಬ ಪರಿಮಳವಸ್ತು ಬಹುಬೇಗ ಹಾರಿಹೋಗುವುದರಿಂದ, ಮೊದಲ ದಿನ ಪ್ರಖರವಾಗಿದ್ದ ಘಮ ಕೆಲವೇ ದಿನಗಳಲ್ಲಿ ಮಂಕಾಗುತ್ತದೆ. ಆದರೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಮಕ್ಕಳು ಅತಿ ಸುಲಭವಾಗಿ ಗುರುತಿಸುವ ಪರಿಮಳ ಇದು. ನಿಂಬೆ ರಸ ಹಾಕುವುದಾದರೆ ಕ್ರೀಮ್ ಆಫ್ ಟಾರ್ಟರ್ ಬೇಕಿಲ್ಲ. ಹುಳಿಯ ಕೆಲಸವನ್ನು ರಸವೇ ಮಾಡುತ್ತದೆ, ಅಷ್ಟು ಪ್ರಮಾಣದ ನೀರನ್ನು ಮಾತ್ರ ಕಳೆಯಬೇಕು. ಸಿಪ್ಪೆಯನ್ನು ಬಿಳಿಯ ಒಳಪದರ ಬರದಂತೆ ಅತಿ ಸಣ್ಣಗೆ ತುರಿದು ಕೊನೆಯಲ್ಲಿ ಬೆರೆಸುತ್ತೇನೆ, ಮತ್ತು ಈ ಹಿಟ್ಟನ್ನು ಅರ್ಧ ಅಳತೆಯಲ್ಲಿ ಮಾತ್ರ ತಯಾರಿಸುತ್ತೇನೆ.

ಕೋಕೋ ಪುಡಿ ನೀರನ್ನು ಬಹಳವಾಗಿ ಹೀರುತ್ತದೆ. ಕಾಲು ಕಪ್ ಕೋಕೋ ಸೇರಿಸುವಾಗ ಕಾಲು ಕಪ್ ಮೈದಾ ಕಡಿಮೆ ಮಾಡಿದರೂ ಹಿಟ್ಟು ಬಿರಿಯುವ ಸ್ವಭಾವ ತೋರುವುದರಿಂದ, ಒಂದು ದೊಡ್ಡ ಚಮಚ ನೀರನ್ನು ಹೆಚ್ಚಿಗೆ ಕೊಡಬೇಕಾಗುತ್ತದೆ. ಇದರ ಬಗ್ಗೆ ನನಗೆ ಬೇರೊಂದು ಆಕ್ಷೇಪವಿದೆ. ಚಾಕೊಲೇಟಿನ ಘಮ ಮಗುವಿಗೆ ‘ತಿನ್ನು’ ಎಂದು ಹೇಳುತ್ತದೆ, ಆದರೆ ಬಾಯಿಗೆ ಸಿಗುವುದು ಉಪ್ಪಿನ ಮುದ್ದೆ. ಹೆಚ್ಚು ಉಪ್ಪು ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳಿಗೆ ನಿಜಕ್ಕೂ ಅಪಾಯ. ಆದ್ದರಿಂದ ಎಲ್ಲವನ್ನೂ ಬಾಯಿಗೆ ಹಾಕಿ ನೋಡುವ ವಯಸ್ಸಿನವರಿಗೆ ಕೋಕೋ ಹಿಟ್ಟನ್ನು ಕೊಡುವುದಿಲ್ಲ. ಮನೆಯಲ್ಲಿ ನಾಯಿಯಿದ್ದರಂತೂ ಇನ್ನಷ್ಟು ಎಚ್ಚರ ಬೇಕು: ಉಪ್ಪು ತುಂಬಿದ ಈ ಹಿಟ್ಟಿನ ಒಂದು ಉಂಡೆ ನುಂಗಿದರೂ ನಾಯಿಯ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೇ ಕುತ್ತು ಬರಬಹುದು, ಕೋಕೋ ಅದಕ್ಕೆ ಪ್ರತ್ಯೇಕವಾದ ವಿಷ.

ಚಕ್ಕೆ ಪುಡಿ ಮತ್ತು ಏಲಕ್ಕಿ ಪುಡಿಗಳನ್ನು ನೇರವಾಗಿ ಬೆರೆಸಿದಾಗ ಘಮ ಚೆನ್ನಾಗಿ ಬರುತ್ತದೆ, ಆದರೆ ಹಿಟ್ಟು ತರಿತರಿಯಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಚಕ್ಕೆಯಲ್ಲಿರುವ ಸಿನ್ನಮಾಲ್ಡಿಹೈಡ್ ಎಂಬ ಪರಿಮಳವಸ್ತು ಕೆಲವರ ಚರ್ಮಕ್ಕೆ ಉರಿ ತರುತ್ತದೆ, ಅದೇ ಕೈಯಿಂದ ಮಗು ಕಣ್ಣುಜ್ಜಿಕೊಂಡರೆ ಆಟ ಅಲ್ಲಿಗೇ ನಿಲ್ಲುತ್ತದೆ. ತರಿ ಮತ್ತು ಬಣ್ಣದ ತೊಂದರೆಗೆ ಸಿಕ್ಕ ಪರಿಹಾರವೇ ಇದುವರೆಗಿನ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಹಂತ. ಪರಿಮಳದ ಅಣುಗಳಲ್ಲಿ ಬಹುಪಾಲು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಹಿಟ್ಟಿಗೆ ಹೇಗೂ ಬೇಕಾಗಿರುವ ಆ 2 ದೊಡ್ಡ ಚಮಚ ಎಣ್ಣೆಯನ್ನು ಪ್ರತ್ಯೇಕವಾಗಿ ಬೆಚ್ಚಗೆ ಮಾಡಿ, ಅದರಲ್ಲಿ ಒಂದು ಸಣ್ಣ ತುಂಡು ಚಕ್ಕೆಯನ್ನೋ, ಬಿಡಿಸಿ ಜಜ್ಜಿದ ಏಲಕ್ಕಿ ಕಾಳುಗಳನ್ನೋ ನೆನೆಹಾಕಿ, ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ಎಣ್ಣೆ ಕಾಯಬಾರದು, ಬೆರಳಿಟ್ಟರೆ ತಾಳುವಷ್ಟು ಬಿಸಿ ಸಾಕು. ತಳಹದಿಯ ಹಿಟ್ಟನ್ನು ಎಣ್ಣೆಯಿಲ್ಲದೆ ಬೇಯಿಸಿ, ಈ ಘಮದ ಎಣ್ಣೆಯನ್ನು ನಾದುವಾಗ ಸೇರಿಸಿದರೆ ಹಿಟ್ಟು ಬೆಣ್ಣೆಯ ಬಣ್ಣದಲ್ಲೇ ಉಳಿಯುತ್ತದೆ, ಒಂದು ತರಿಯೂ ಕೈಗೆ ಸಿಗುವುದಿಲ್ಲ, ಮತ್ತು ಘಮ ಒಮ್ಮೆಲೇ ಮೂಗಿಗೆ ರಾಚದೆ ಅಂಗೈಯ ಬಿಸಿಗೆ ಮೆಲ್ಲಗೆ ಏಳುತ್ತದೆ. ಇಂತಹ ಎಣ್ಣೆಯನ್ನು ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿ ಮುಗಿಸಬೇಕು. ಹಸಿ ಎಲೆ ಅಥವಾ ಹಸಿ ಸಿಪ್ಪೆ ನೆನೆಸಿದ ಎಣ್ಣೆಯನ್ನಂತೂ ಹೊರಗೆ ಕೂಡಿಡುವುದು ಸುರಕ್ಷಿತವಲ್ಲ. ಪುದೀನವನ್ನು ನಾನು ಒಣಗಿಸಿಯೇ ಬಳಸುತ್ತೇನೆ, ಹಸಿ ಎಲೆಯ ಚೂರುಗಳು ಹಿಟ್ಟಿನೊಳಗೆ ಕಪ್ಪಾಗಿ ಕೊಳೆಯುತ್ತವೆ.

ಬಾಟಲಿಗಳಲ್ಲಿ ಸಿಗುವ ಸಾಂದ್ರವಾದ ಸುಗಂಧ ತೈಲಗಳನ್ನು ಈ ಕೆಲಸದಿಂದ ಸಂಪೂರ್ಣವಾಗಿ ಹೊರಗಿಟ್ಟಿದ್ದೇನೆ. ನೀಲಗಿರಿ, ಕರ್ಪೂರ ಮತ್ತು ಮೆಂಥಾಲ್ ಹೆಚ್ಚಾಗಿರುವ ತೈಲಗಳು ಎಳೆಯ ಮಕ್ಕಳ ಉಸಿರಾಟಕ್ಕೆ ತೊಂದರೆ ಕೊಡಬಲ್ಲವು; ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಸೆಳವು ಬರಿಸಬಲ್ಲದು. ‘ನೈಸರ್ಗಿಕ’ ಎಂದು ಮೇಲೆ ಬರೆದಿರುವುದರಿಂದ ಸಾಂದ್ರತೆಯೇನೂ ಕಡಿಮೆಯಾಗುವುದಿಲ್ಲ. ಎರಡು ಹನಿಯಷ್ಟೇ ಅಲ್ಲವೇ ಎಂದು ವಾದಿಸುವವರಿದ್ದಾರೆ, ಆದರೆ ಅಡುಗೆಮನೆಯ ಸಾಮಗ್ರಿಯಿಂದಲೇ ಇಷ್ಟು ಒಳ್ಳೆಯ ಘಮ ದೊರೆಯುವಾಗ ಆ ಎರಡು ಹನಿಯ ಅಗತ್ಯ ನನಗೆ ಕಾಣುವುದಿಲ್ಲ.

ಆಟದ ಮೇಜಿನ ಮೇಲೆ ಕಂಡದ್ದು

ಒಂದು ಆಟಕ್ಕೆ ಒಂದೇ ಘಮ ಎಂಬ ನಿಯಮ ಬಂದದ್ದು ಮಕ್ಕಳನ್ನು ನೋಡಿಯೇ. ಮೂರ್ನಾಲ್ಕು ಪರಿಮಳದ ಉಂಡೆಗಳನ್ನು ಒಟ್ಟಿಗೆ ಇಟ್ಟರೆ ಅವು ಬೇಗನೆ ಒಂದೇ ಮುದ್ದೆಯಾಗುತ್ತವೆ, ವಾಸನೆಯೂ ಕಲಸಿಹೋಗುತ್ತದೆ. ನಿಂಬೆ ಹಿಟ್ಟನ್ನು ಕೊಟ್ಟ ಒಂದು ದಿನ ಅದರ ಪಕ್ಕದಲ್ಲಿ ಒಂದು ಇಡೀ ನಿಂಬೆಹಣ್ಣನ್ನು ಇಟ್ಟಿದ್ದೆ. ಇನ್ನೂ ನಾಲ್ಕು ತುಂಬದ ಒಂದು ಮಗು ಹಿಟ್ಟನ್ನು ಮೂಸಿತು, ಹಣ್ಣನ್ನು ಮೂಸಿತು. ಹಣ್ಣಿನಲ್ಲಿ ಅಷ್ಟು ಘಮ ಸಿಗದಿದ್ದಾಗ ಮತ್ತೆ ಹಿಟ್ಟಿಗೆ ಬಂದಿತು. ಹೀಗೆ ಆಚೀಚೆ ಮಾಡುತ್ತಿರುವಾಗ ಅದರ ಉಗುರು ಸಿಪ್ಪೆಗೆ ತಾಗಿ, ಸಣ್ಣದೊಂದು ಗೀರು ಬಿದ್ದು, ಘಮ ಚಿಮ್ಮಿತು. ಆಮೇಲೆ ಹಿಟ್ಟನ್ನು ಮರೆತು, ಸಿಪ್ಪೆಯ ಮೇಲೆ ಸಾಲಾಗಿ ಗೀರು ಹಾಕುತ್ತಾ, ಪ್ರತಿ ಗೀರಿಗೂ ಮೂಗು ತಾಗಿಸುತ್ತಾ ಕುಳಿತಿತು. ಅಂದಿನಿಂದ ಯಾವ ಘಮದ ಹಿಟ್ಟು ಕೊಟ್ಟರೂ ಆ ಘಮದ ಮೂಲವಸ್ತುವನ್ನು ಪಕ್ಕದಲ್ಲಿಡುತ್ತೇನೆ. ಲವಂಗ, ಏಲಕ್ಕಿಯಂತಹ ಚಿಕ್ಕ ವಸ್ತುಗಳಾದರೆ ಅವುಗಳನ್ನು ಮಕ್ಕಳ ಕೈಗೆ ಕೊಡದೆ, ತೂತಿರುವ ಭದ್ರವಾದ ಮುಚ್ಚಳದ ಡಬ್ಬಿಯೊಳಗೆ ಇಡುತ್ತೇನೆ. 3 ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಹಿಡಿಸುವ ಯಾವ ವಸ್ತುವೂ ಆ ವಯಸ್ಸಿನವರ ಗಂಟಲಿಗೆ ಅಪಾಯವೆಂದೇ ಲೆಕ್ಕ.

ಮೂಗು ಒಂದೇ ವಾಸನೆಗೆ ಬೇಗನೆ ಒಗ್ಗಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಮಗುವಿಗೆ ಹಿಟ್ಟಿನ ಘಮ ಕಾಣದಂತಾಗುವುದು ಇದರಿಂದಲೇ, ಹಿಟ್ಟಿನ ಕೊರತೆಯಿಂದಲ್ಲ. ಆಗ ಇನ್ನಷ್ಟು ಪರಿಮಳ ಸೇರಿಸುವ ಬದಲು ಹಿಟ್ಟನ್ನು ಮುಚ್ಚಿಟ್ಟು, ಕೈತೊಳೆಸಿ, ಸ್ವಲ್ಪ ಹೊತ್ತು ಹೊರಗೆ ಆಡಿಸಿ ಮತ್ತೆ ತೆರೆದರೆ ಅದೇ ಘಮ ಹೊಸದಾಗಿ ಸಿಗುತ್ತದೆ. ಗುಲಾಬಿ ಹಿಟ್ಟಿಗೆ ಹಳದಿ ಬಣ್ಣ ಹಾಕಿದಾಗ ಮಕ್ಕಳು ಅದನ್ನು ನಿಂಬೆಯೆಂದೇ ಹೇಳಿದರು; ಕಣ್ಣು ಮೂಗನ್ನು ಅಷ್ಟು ಸುಲಭವಾಗಿ ಎಳೆದೊಯ್ಯುತ್ತದೆ. ಹಾಗಾಗಿ ಬಣ್ಣವನ್ನೇ ಕೈಬಿಟ್ಟು, ಒಂದೇ ಬಿಳುಪಿನ ಉಂಡೆಗಳಲ್ಲಿ ಜೋಡಿ ಹುಡುಕುವ ಆಟವನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಕೊಡುತ್ತಿದ್ದೇನೆ. 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಶಿಶುಮನೆಯನ್ನು ತೆರೆದ ಮರಿಯಾ ಮಾಂಟೆಸರಿಯವರ ಪದ್ಧತಿಯಲ್ಲಿ ವಾಸನೆಯ ಜೋಡಿ ಹುಡುಕುವ ಪುಟ್ಟ ಸೀಸೆಗಳಿವೆ. ನನ್ನ ಉಂಡೆಗಳು ಅದೇ ಆಟದ ಮೆತ್ತನೆಯ ರೂಪ. ಇಲ್ಲಿ ಮೂಸುವುದಕ್ಕೂ ಮೊದಲು ಉಂಡೆಯನ್ನು ಹಿಸುಕಿ ಬೆಚ್ಚಗೆ ಮಾಡಬೇಕಾಗುವುದರಿಂದ ಕೈಗೂ ಕೆಲಸ ಸಿಗುತ್ತದೆ.

ಗೋಡೆಕಾಗದ ಶುಚಿಗೊಳಿಸುವ ಮುದ್ದೆಯಾಗಿ ಹುಟ್ಟಿ 1956ರಲ್ಲಿ ಆಟಿಕೆಯಾಗಿ ಮಾರುಕಟ್ಟೆಗೆ ಬಂದ ಪ್ಲೇ-ಡೋ ಎಂಬ ಆಟದ ಹಿಟ್ಟು ತನ್ನ ವಾಸನೆಯನ್ನೇ 2018ರಲ್ಲಿ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡಿತು. ಆ ವಿವರಣೆಯಲ್ಲಿ ವೆನಿಲ್ಲಾ ಮತ್ತು ಚೆರ್ರಿಯ ಜೊತೆಗೆ ಉಪ್ಪು ಬೆರೆತ ಗೋಧಿ ಹಿಟ್ಟಿನ ವಾಸನೆಯೂ ಸೇರಿದೆ. ಬೇಯಿಸಿದ ಹಿಟ್ಟಿಗೆ ತನ್ನದೇ ಆದ ವಾಸನೆಯಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಏಲಕ್ಕಿ ಮತ್ತು ವೆನಿಲ್ಲಾ ಆ ವಾಸನೆಯೊಡನೆ ಹೊಂದಿಕೊಳ್ಳುತ್ತವೆ, ಗುಲಾಬಿ ಅದರೊಡನೆ ಅಷ್ಟಾಗಿ ಕೂಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಗ್ರಹ ಮತ್ತು ನಡೆದಿರುವ ಕೆಲಸ

ಹಿಟ್ಟು ಪೂರ್ತಿ ಆರುವ ಮೊದಲು ಡಬ್ಬಿ ಮುಚ್ಚಿದರೆ ಒಳಗೆ ನೀರು ಹನಿಗಟ್ಟಿ ಮೇಲ್ಮೈ ಅಂಟಂಟಾಗುತ್ತದೆ. ಪ್ರತಿ ಘಮಕ್ಕೂ ಬೇರೆ ಡಬ್ಬಿ ಬೇಕು. ಪ್ಲಾಸ್ಟಿಕ್ ನಿಂಬೆಯ ಮತ್ತು ಚಕ್ಕೆಯ ವಾಸನೆಯನ್ನು ಹೀರಿಕೊಂಡು ಮುಂದಿನ ಹಿಟ್ಟಿಗೆ ದಾಟಿಸುವುದರಿಂದ ನಾನು ಗಾಜಿನ ಭರಣಿಗಳನ್ನು ಬಳಸಿ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ ಇಡುತ್ತೇನೆ. ಕೈಮೇಲೆ ಗಾಯವೋ ಗೀರೋ ಇರುವ ಮಗುವಿಗೆ ಉಪ್ಪು ಮತ್ತು ಹುಳಿ ಎರಡೂ ಉರಿ ಕೊಡುತ್ತವೆ. ಅಂತಹ ದಿನ ಹಿಟ್ಟಿನ ಆಟ ಬೇಡ. ಬಣ್ಣ ಬದಲಾದರೆ ಅಥವಾ ಹುಳಿ ವಾಸನೆ ಬಂದರೆ ಇಡೀ ಮುದ್ದೆಯನ್ನೇ ಎಸೆಯಬೇಕು.

ಗೋಧಿಯ ಅಲರ್ಜಿಯಿರುವ ಮಕ್ಕಳೂ ಇದೇ ಮೇಜಿಗೆ ಕುಳಿತು ಆಡಬೇಕೆಂಬುದು ನನ್ನ ಆಸೆ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಬೆಂದ ಉಂಡೆ ಹಿಗ್ಗದೆ ಬಿರಿಯುತ್ತದೆ. ಮೆಕ್ಕೆಜೋಳದ ಪಿಷ್ಟವನ್ನು ಬೆರೆಸಿದಾಗ ನುಣುಪು ಬಂದಿತಾದರೂ ಒತ್ತಿದರೆ ಒಡೆಯುವ ಗುಣ ಹೋಗಲಿಲ್ಲ. ಒಂದು ಟೀ ಚಮಚ ಇಸಬ್ಗೋಲ್ ಹೊಟ್ಟನ್ನು ನೀರಿನಲ್ಲಿ ನೆನೆಸಿ ಲೋಳೆಯಾದ ಮೇಲೆ ಸೇರಿಸಿ ಬೇಯಿಸಿದ ಉಂಡೆ ಈಗ ಹಾವಿನಂತೆ ಹೊಸೆಯಲು ಬರುತ್ತದೆ, ಆದರೆ ಮರುದಿನಕ್ಕೆ ಗಟ್ಟಿಯಾಗುತ್ತಿದೆ. ಎಣ್ಣೆಯನ್ನು ಒಂದು ಚಮಚ ಹೆಚ್ಚಿಸಿ, ಅದೇ ಎಣ್ಣೆಯಲ್ಲಿ ಏಲಕ್ಕಿಯನ್ನು ನೆನೆಸಿ ಮಾಡಿದ ಮುದ್ದೆಯನ್ನು ನಿನ್ನೆ ಭರಣಿಗೆ ತುಂಬಿದ್ದೇನೆ. ಅದು ಮೃದುವಾಗಿಯೇ ಉಳಿದರೆ ಮುಂದಿನ ಸರದಿ ವೆನಿಲ್ಲಾದ್ದು, ಇಲ್ಲವಾದರೆ ನೀರಿನಲ್ಲಿ ಸ್ವಲ್ಪ ಭಾಗದ ಬದಲಿಗೆ ಗ್ಲಿಸರಿನ್ ಹಾಕಿ ನೋಡಬೇಕೆಂದಿದ್ದೇನೆ.