ಬಿಸಿಲಿನ ಮೇಲೆ ಸುಮ್ನೆ ಅಪವಾದ

ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಏನು ಕೆಟ್ಟರೂ ಬಿಸಿಲೇ ಕಾರಣ. ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರ್ ನಾಲ್ಕು ದಿನ ನೀಲಿ ಪರದೆ ತೋರಿಸಿ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಅರ್ಧ ಮಾಡಿದ್ದ ಮದುವೆ ಕಾರ್ಡ್ ಎರಡು ಸಲ ಹೋಯಿತು. "ಬಿಸಿಲಿಗೆ ಹಿಂಗ ಆಗ್ಯಾದಣ್ಣ" ಅಂದ ಪಕ್ಕದ ಜೆರಾಕ್ಸ್ ಹುಡುಗ. ನಾನೂ ನಂಬಿದೆ. ಸಿಪಿಯು ಬಿಚ್ಚಿ, ಧೂಳು ಹೊಡೆದು, ಟೇಬಲ್ ಫ್ಯಾನ್ ಇಟ್ಟೆ. ಗಾಳಿ ಅದಕ್ಕೆ, ಬೆವರು ನನಗೆ. ಮರುದಿನ ಬೆಳಗ್ಗೆ ಏಳಕ್ಕೇ ಮತ್ತೆ ನೀಲಿ!

ಅಲ್ಲಾ, ಏಳು ಗಂಟೆಗೆ ಎಂಥ ಬಿಸಿಲು? ಪರದೆಯ ಕೆಳಗಿದ್ದ ಸಣ್ಣಕ್ಷರವನ್ನು ಮೊಬೈಲಲ್ಲಿ ಫೋಟೋ ಹೊಡೆದು ಓದಿದೆ: ವಿಡಿಯೋ ಟಿಡಿಆರ್ ಫೇಲ್ಯೂರ್. ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ತಟ್ಟಿ ಎಬ್ಬಿಸುತ್ತದೆ. ಆಗಲೂ ಏಳದಿದ್ದರೆ ಕೈಚೆಲ್ಲುತ್ತದೆ, ಅದೇ ಈ ನೀಲಿ. ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ಡ್ರೈವರ್ ತಾರೀಖು 2017! (ಕೆಲವಕ್ಕೆ 2006 ಅಂತಲೂ ಇರುತ್ತದೆ, ಗಾಬರಿ ಬೇಡ. ವಿಂಡೋಸಿನ ಸ್ವಂತ ಡ್ರೈವರ್‌ಗಳಿಗೆ ಬೇಕಂತಲೇ ಹಳೇ ತಾರೀಖು ಹಾಕಿರುತ್ತಾರೆ, ತಯಾರಕರ ಡ್ರೈವರ್ ಮುಂದೆ ಬರಲಿ ಅಂತ.)

ಹಳೇದನ್ನು ತೆಗೆದು, ಗ್ರಾಫಿಕ್ಸ್ ಕಾರ್ಡ್ ತಯಾರಕರ ಸೈಟಿನಿಂದಲೇ ಹೊಸದು ಹಾಕಿದೆ. ದಾರಿಯಲ್ಲಿ ಅಡ್ಡ ಬಂದ "ಫ್ರೀ ಡ್ರೈವರ್ ಅಪ್‌ಡೇಟರ್"ಗಳನ್ನು ಹತ್ತಿರ ಸೇರಿಸಲಿಲ್ಲ. ಐದು ದಿನ ಆಯ್ತು, ನೀಲಿ ಕಂಡಿಲ್ಲ.

ಹೀಗೆ ಬಿಸಿಲಿನ ತಲೆಗೆ ಇನ್ನೂ ಏನೇನು ಕಟ್ಟಿದ್ದೇವೋ! ಟೇಬಲ್ ಫ್ಯಾನ್ ಈಗ ನನ್ನ ಕಡೆ ತಿರುಗಿದೆ.